ಬಲಗಡೆಯ ಒಳಜೇಬು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕಳ್ಳಿ ಎಂದೇ ಕರೆಯುತ್ತಿದ್ದರು. ಏನನ್ನೂ ಕದ್ದವಳಲ್ಲ. ದಿನವಿಡೀ ಕಂಡವರ ಜೇಬಿಗೆ ಕೈ ಹಾಕುವುದೇ ಅವಳ ಕೆಲಸವಾಗಿತ್ತು, ಅದಕ್ಕೆ. ಬಟ್ಟೆ ನೀರಿಗೆ ಬೀಳುವ ಮೊದಲು ಅಂಗಿ, ಪ್ಯಾಂಟು, ಕೋಟುಗಳನ್ನು ಒಂದೊಂದಾಗಿ ಉದ್ದನೆಯ ಮೇಜಿನ ಮೇಲೆ ಹರಡಿ ಜೇಬು ತಡಕಬೇಕು. ಸಿಕ್ಕಿದ್ದನ್ನು ಕಂದು ಬಣ್ಣದ ಕವರಿಗೆ ಹಾಕಿ, ಮೇಲೆ ಟೋಕನ್ ನಂಬರು ಬರೆದಿಡಬೇಕು. ನೋಡಿ ಮುಗಿದ ಜೇಬನ್ನು ಮತ್ತೆ ಒಳಗೆ ತಳ್ಳುವ ಹಾಗಿಲ್ಲ. ಹೊರಕ್ಕೆಳೆದು ನಾಲಗೆಯ ಹಾಗೆ ಇಳಿಬಿಡಬೇಕು. ಮಷಿನ್ ತುಂಬುವವರು ಅದನ್ನು ಕಂಡೇ ಈ ಬಟ್ಟೆ ಆಯಿತು ಎಂದು ತಿಳಿಯುವುದು.

ಬಸ್ ಟಿಕೆಟ್ಟು, ಬಾಚಣಿಗೆ, ಬೀಗದ ಕೈ, ಅರ್ಧ ಚೀಪಿದ ಮಿಠಾಯಿ, ಎಲ್ಲ ಸಿಗುತ್ತಿದ್ದವು. ಒಮ್ಮೆ ಯಾರದೋ ಕೋಟಿನಿಂದ ಕಟ್ಟಿಸಿದ ಹಲ್ಲಿನ ಸೆಟ್ಟೇ ಹೊರಬಂದಿತ್ತು. ಕಲೆ ತೆಗೆಯುವ ತಾತ ಅದನ್ನು ಬೆಳಕಿಗೆ ಹಿಡಿದು, "ಪಾಪ, ಇದರ ಯಜಮಾನ ಇವತ್ತು ಹೆಂಡ್ತಿ ಮುಂದೆ ಬಾಯಿ ಬಿಡೋ ಹಾಗಿಲ್ಲ" ಎಂದಿದ್ದ.

"ದಿನಾ ಬಿಡ್ತಿದ್ನೇನೋ ಅನ್ನೋ ಹಾಗೆ ಹೇಳ್ತೀರಲ್ಲ" ಎಂದಿದ್ದಳು ಇಸ್ತ್ರಿ ಅಕ್ಕ.

ಅಲ್ಲಿದ್ದವರು ಇಷ್ಟೇ ಜನ. ಬೆಳಗ್ಗೆ ಮಷಿನ್ ತುಂಬಿ ಆಮೇಲೆ ಇಸ್ತ್ರಿ ಮೇಜಿಗೆ ನಿಲ್ಲುವ, ತೋಳು ತುಂಬಿದ ಅಕ್ಕ. ಕಿಟಕಿಯ ಪಕ್ಕ ಬ್ರಷ್ಷು, ಬಾಟಲಿಗಳನ್ನು ಹರಡಿಕೊಂಡು ಕೂರುವ ತಾತ. ಮುಂದಿನ ಕಟ್ಟೆಯಲ್ಲಿ ಬಟ್ಟೆ ಎಣಿಸಿಕೊಳ್ಳುವ ಯಜಮಾನಿ, ಅಂಗಡಿಯಮ್ಮ. ಮತ್ತೆ ಈ ಕಳ್ಳಿ. ಕೇಳಿದ್ದಕ್ಕೆ ಹೂಂ, ಊಹೂಂ ಎನ್ನುವುದು ಬಿಟ್ಟರೆ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಕ್ಕ ಹೇಳುವಂತೆ ಅವಳ ಬಾಯಿಯ ಕೆಲಸವನ್ನೂ ಕೈಯೇ ಮಾಡಿಬಿಡುತ್ತಿತ್ತು.

ಕಪಾಟಿನ ಮೇಲೊಂದು ರೇಡಿಯೋ ಇತ್ತು. ಮೂರು ವಾರದಿಂದ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಅದರಲ್ಲಿ ಒಂದೇ ಹಾಡು ಬರುತ್ತಿತ್ತು. ಕೇಳುಗರು ಮತ್ತೆ ಮತ್ತೆ ಅದನ್ನೇ ಹಾಕಿ ಎನ್ನುತ್ತಿದ್ದರಂತೆ. ಹಾಡಿದವನ ಹೆಸರು ಯಾರಿಗೂ ನೆನಪಿರಲಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತು. ಒಡೆದ ದನಿ. ಹಿಂದೆ ಒಂದೇ ಒಂದು ತಂತಿ ವಾದ್ಯ. ಎರಡನೇ ಚರಣದ ಮಧ್ಯೆ ಅವನು ಕೆಮ್ಮುತ್ತಾನೆ, ಅದನ್ನೂ ತೆಗೆದಿರಲಿಲ್ಲ.

ನನ್ನ ಅಂಗಿ ಒಗೆವವಳೇ, ಜೇಬ ಮುಟ್ಟಬೇಡ,
ಅಲ್ಲಿರುವುದು ನಾನಲ್ಲ, ಅಲ್ಲಿರುವುದು ನಾನಲ್ಲ.
ಕೈಗೆ ಸಿಕ್ಕಿದ್ದೆಲ್ಲವನ್ನೂ ನೀರಿಗೆ ಬಿಟ್ಟುಬಿಡು,
ಎಲ್ಲ ತೇಲಿ ಹೋಗುವುದು, ನಾನೊಬ್ಬ ತೇಲುವುದಿಲ್ಲ.

ಮೊದಲ ದಿನ ಹಾಡು ಶುರುವಾದಾಗ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯಿಂದ ಮೇಲೆತ್ತಿದವಳು ಕೆಳಗಿಡುವುದನ್ನು ಮರೆತಳು. ನಾಲ್ಕು ನಿಮಿಷ ಆ ಭಾರವನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದಳು. ತಾತ ಬ್ರಷ್ಷನ್ನು ಬಾಟಲಿಯೊಳಗೇ ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದ. ರೇಡಿಯೋ ಸದ್ದು ಜಾಸ್ತಿಯಾದರೆ ಸಿಡಿಮಿಡಿಗುಟ್ಟುವ ಅಂಗಡಿಯಮ್ಮ ತಾನೇ ಎದ್ದು ಬಂದು ಗುಂಡಿ ತಿರುಗಿಸಿ ಸದ್ದು ಏರಿಸಿದಳು.

ಹಾಡು ಮುಗಿದ ಮೇಲೆ ಹತ್ತು ನಿಮಿಷ ಕೇಳುಗರ ಫೋನು. ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಮಾತಾಡುತ್ತಿದ್ದೇನೆ ಎಂದ ಒಬ್ಬ ಚಾಲಕ, ಅಪ್ಪನ ವಾಸನೆ ನೆನಪಾಯಿತು ಎಂದು ಅಲ್ಲಿಗೇ ನಿಲ್ಲಿಸಿದ. ಒಬ್ಬ ಮುದುಕಿ ಮಾತೇ ಆಡದೆ ಅತ್ತು ಫೋನಿಟ್ಟಳು. ಇನ್ನೊಬ್ಬ, "ಈ ಹಾಡು ನನ್ನ ಬಗ್ಗೆನೇ, ಆದ್ರೆ ನಾನಿನ್ನೂ ಸತ್ತಿಲ್ಲ" ಎಂದ. ನಿರೂಪಕಿ ಹಾಡಿನ ಪಲ್ಲವಿಯನ್ನೇ ಮತ್ತೊಮ್ಮೆ ಹಾಕಿದಳು.

ಲಾಂಡ್ರಿಯಲ್ಲೂ ಬಾಯಿಗಳು ಬಿಚ್ಚಿಕೊಂಡವು.

"ನನ್ ಗಂಡ ಬಾಟ್ಲಿ ಎಲ್ಲಿ ಬಚ್ಚಿಡ್ತಿದ್ದ ಗೊತ್ತಾ?" ಎಂದಳು ಅಕ್ಕ. "ನನ್ ಬೂಟಲ್ಲಿ. ನಂದೇ ಬೂಟು! ಇಡೀ ಮನೆ ಜಾಲಾಡ್ತಿದ್ದೆ, ನನ್ ಕಾಲಡಿ ನೋಡ್ಕೊಳ್ಳಲಿಲ್ಲ. ಅವನು ಹೋದ್ಮೇಲೆ ಮೂರು ವರ್ಷ ಆ ಬೂಟಿಗೆ ಕಾಲೇ ಹಾಕ್ಲಿಲ್ಲ."

"ಬಚ್ಚಿಟ್ಟ ಅಂದ್ರೆ ಅವನಿಗೆ ನಾಚಿಕೆ ಇತ್ತು ಅಂತ ಆಯ್ತು" ಎಂದ ತಾತ. "ನಾನು ಬಚ್ಚಿಡ್ತಿರ್ಲಿಲ್ಲಮ್ಮ. ಹೆಂಡ್ತಿ ಮಕ್ಕಳ ಎದುರಿಗೇ ಕುಡೀತಿದ್ದೆ."

ತಾತ ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಆಗ ಮೇಜಿನ ಕಡೆಯಿಂದ ಸಣ್ಣ ದನಿ ಬಂತು. ಕಳ್ಳಿ ತಾನಾಗಿ ಮಾತಾಡಿದ್ದು ಆ ತಿಂಗಳಲ್ಲಿ ಅದೇ ಮೊದಲು.

"ತಾತಾ, ನಿಮ್ ಕೈಗೆ ಸಿಗದ ಹಾಗೆ ಯಾರಾದ್ರೂ ಎತ್ತಿಟ್ಬಿಟ್ಟಿದ್ರೆ ಏನ್ ಮಾಡ್ತಿದ್ರಿ?"

"ಬೇರೆ ಕಡೆ ಹುಡುಕ್ತಿದ್ದೆ. ಕುಡಿಯೋನಿಗೆ ದಾರಿ ಯಾರು ತೋರಿಸ್ಬೇಕು?"

ಅವಳ ಎದೆಯ ಮೇಲಿನ ಕಲ್ಲು ಕೂದಲೆಳೆಯಷ್ಟು ಸರಿಯಿತು. ಆದರೆ ತಾತ ಸುಳ್ಳು ಸಮಾಧಾನ ಹೇಳುವವನಲ್ಲ. ಕಲೆಯ ಮೇಲೆ ಬ್ರಷ್ಷು ಆಡಿಸುತ್ತಲೇ ಮುಂದುವರಿಸಿದ.

"ಆದ್ರೆ ಹುಡುಕೋಕೆ ಒಂದು ಗಂಟೆ ಹಿಡಿಯುತ್ತಲ್ಲ, ಕೆಲವು ಸಲ ಆ ಒಂದು ಗಂಟೇಲಿ ಮನಸ್ಸು ತಿರುಗ್ತಿತ್ತು. ನಾನಿವತ್ತು ಇಲ್ಲಿ ಕೂತಿರೋದು ಅಂಥಾ ನಾಲ್ಕೈದು ಗಂಟೆ ದಯೆಯಿಂದ ಕಣಮ್ಮ."

ಕಲ್ಲು ಇದ್ದ ಜಾಗಕ್ಕೇ ಬಂದು ಕೂತಿತು.

ಅವಳಿಗೊಬ್ಬ ಅಣ್ಣನಿದ್ದ. ಕಟ್ಟಡಗಳಿಗೆ ಗಾಜು ಕೂರಿಸುವವನು. ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆಂದು ಕೊಟ್ಟ ಬಿಳಿ ಮಾತ್ರೆಗಳು ಬೆನ್ನು ಕೂಡಿಕೊಂಡ ಮೇಲೂ ಅವನನ್ನು ಬಿಡಲಿಲ್ಲ. ಅಮ್ಮ ಆಗ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಅವನನ್ನು ಕಾಯುವವರು ಒಬ್ಬರು ಬೇಕಿತ್ತು. ಎಂಟನೇ ತರಗತಿಯಲ್ಲಿದ್ದ ತಂಗಿ ಶಾಲೆ ಬಿಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಣ್ಣನನ್ನು ಕಾದಳು. ಕಾಲುಚೀಲದಲ್ಲಿ, ಸೆಲ್ ತೆಗೆದ ಟಾರ್ಚಿನಲ್ಲಿ, ದಿಂಬಿನ ಹೊಲಿಗೆಯಲ್ಲಿ ಹುಡುಕಿ ತೆಗೆದು ನೀರಿಗೆ ಹಾಕಿ ಕರಗಿಸುತ್ತಿದ್ದಳು. ಅಣ್ಣ ಬಾಗಿಲಿಗೊರಗಿ ನಿಂತು ಸುಮ್ಮನೆ ನೋಡುತ್ತಿದ್ದ. ಒಂದೊಂದು ಸಲ ನಗುತ್ತಲೂ ಇದ್ದ. "ನಿನ್ ಕೈಗೆ ಕಣ್ಣಿದೆ ಕಣೇ" ಎನ್ನುತ್ತಿದ್ದ. ಆರು ವರ್ಷ ಹೀಗೆ ಕಳೆಯಿತು.

ಮಧ್ಯೆ ಅವನು ಸುಧಾರಿಸಿದ ಹಾಗೆ ಕಂಡ. ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತ್ತು. ಅಮ್ಮ ಮನೆ ಹಿಡಿದಳು, ಮಗಳು ಲಾಂಡ್ರಿಗೆ ಸೇರಿದಳು. ಅಲ್ಲಿಯ ಅಭ್ಯಾಸ ಮನೆಗೂ ಬಂತು. ಮನೆಯ ಬಟ್ಟೆಯ ಜೇಬುಗಳನ್ನೂ ನೋಡಿ ಹೊರಕ್ಕೆಳೆದು ಬಿಡುತ್ತಿದ್ದಳು. "ನೋಡು, ನಮ್ಮನೆ ಬಟ್ಟೆ ಎಲ್ಲಾ ನನಗೆ ನಾಲಗೆ ಚಾಚ್ತಿವೆ" ಎಂದು ಅಮ್ಮ ನಗಾಡುತ್ತಿದ್ದಳು.

ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ಅಣ್ಣ ಕೆಲಸ ಕೇಳಿಕೊಂಡು ಹೊರಟಿದ್ದ. ಕೋಟು ಕೊಡು ಎಂದ. ಅವಳು ರೂಢಿಯಂತೆ ತಡಕಿದಳು. ಹೊರಗಿನ ಎರಡು ಜೇಬಿನಲ್ಲಿ ಬಾಚಣಿಗೆ, ಬೀಗದ ಕೈ. ಎಡಗಡೆಯ ಒಳಜೇಬು ಖಾಲಿ, ಹೊರಕ್ಕೆಳೆದಳು. ಬಲಗಡೆಯ ಒಳಜೇಬಿನಲ್ಲಿ ಮಾತ್ರೆಯ ಪಟ್ಟಿ ಕೈಗೆ ತಗುಲಿತು. ಪೂರ್ತಿ ಪಟ್ಟಿ, ಒಂದೂ ಒಡೆದಿರಲಿಲ್ಲ. ತಲೆಯೆತ್ತಿದರೆ ಅಣ್ಣ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಬೇಡಲಿಲ್ಲ, ನಗಲೂ ಇಲ್ಲ. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಆ ಹೊತ್ತಿಗೆ ಅವಳಿಗೆ ಅದೆಷ್ಟು ಸಾಕಾಗಿತ್ತೆಂದರೆ, ನೀರಿನ ತೊಟ್ಟಿಯವರೆಗಿನ ಹತ್ತು ಹೆಜ್ಜೆ ಹತ್ತು ಮೈಲಿಯ ಹಾಗೆ ಕಂಡಿತು. ಪಟ್ಟಿಯನ್ನು ಇದ್ದಲ್ಲೇ ಬಿಟ್ಟು, ಜೇಬಿನ ಬಾಯಿ ಸರಿಮಾಡಿ ಕೋಟು ಕೊಟ್ಟಳು.

"ಬೇಗ ಬಾ" ಎಂದಳು.

ಮಧ್ಯಾಹ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ, ಕೋಟನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದವನನ್ನು ಜನ ನಿದ್ದೆ ಹೋಗಿದ್ದಾನೆಂದೇ ತಿಳಿದರಂತೆ. ಎರಡು ಬಸ್ಸು ಬಂದು ಹೋದ ಮೇಲೆ ಯಾರೋ ಭುಜ ಅಲುಗಿಸಿ ನೋಡಿದರು.

ಅಂದಿನಿಂದ ದಿನಾ ಸಂಜೆ ಆರಕ್ಕೆ, ಅವಳು ಚಪ್ಪಲಿ ಕಳಚುವ ಮೊದಲೇ, ಅಮ್ಮ ಒಂದು ಮಾತು ಕೇಳುತ್ತಿದ್ದಳು.

"ಅವತ್ತು ಜೇಬು ನೋಡಿದ್ಯಲ್ಲ ನೀನು?"

"ನೋಡಿದೆ."

ಸುಳ್ಳಲ್ಲ. ಅದಕ್ಕೇ ಅದನ್ನು ನುಂಗುವುದು ಅಷ್ಟು ಕಷ್ಟವಾಗಿತ್ತು. ಅಮ್ಮ, "ಹಾಗಾದ್ರೆ ಹೊರಗೆಲ್ಲೋ ತಗೊಂಡಿರ್ಬೇಕು" ಎಂದು ಚಹಾ ಬಗ್ಗಿಸುತ್ತಿದ್ದಳು. ಆಗ ಹೇಳಿಬಿಡಬೇಕೆಂದು ದಿನಾ ಅಂದುಕೊಳ್ಳುವಳು. ಹೇಳಿದರೆ ಮಗನ ಜೊತೆ ಮಗಳೂ ಹೋದಳು ಅನ್ನಿಸೀತಲ್ಲ ಅಮ್ಮನಿಗೆ ಎಂಬ ದಿಗಿಲು. ಚಹಾ ಆರುತ್ತಿತ್ತು, ಅವಳು ಎದ್ದು ಲೋಟ ತೊಳೆದಿಡುತ್ತಿದ್ದಳು. ಈಗ ಈ ಹಾಡು ಬೇರೆ ಬಂದಿತ್ತು. ಅಮ್ಮನೂ ಅದನ್ನು ಕೇಳುತ್ತಿದ್ದಳು. ಒಮ್ಮೆ ಪಾತ್ರೆ ತೊಳೆಯುತ್ತ, ಅಲ್ಲಿರುವುದು ನಾನಲ್ಲ ಎಂದು ಅಮ್ಮ ಗುನುಗಿದ್ದನ್ನು ಕೇಳಿ ಅವಳು ಹಿತ್ತಲಿಗೆ ಹೋಗಿ ನಿಂತಿದ್ದಳು.

ಆ ಗುರುವಾರ ಮೇಜಿನ ಮೇಲೆ ಇಪ್ಪತ್ತೆರಡು ಬಿಳಿ ಕೋಟುಗಳಿದ್ದವು. ದೊಡ್ಡ ಹೋಟೆಲೊಂದರಲ್ಲಿ ಬಡಿಸುವವರ ಕೋಟುಗಳು. ಅವುಗಳಲ್ಲಿ ಒಂದೊಂದರ ಒಳಜೇಬಿನಲ್ಲೂ ಒಂದೊಂದು ಪೆನ್ನು ಇದ್ದೇ ಇರುತ್ತದೆ. ಅವಳು ಒಂಬತ್ತು ಪೆನ್ನು ತೆಗೆದಿಡುವ ಹೊತ್ತಿಗೆ ಹಾಡು ಬಂತು, ಮುಗಿಯಿತು. ಅಕ್ಕ ಮೂಗೊರೆಸಿಕೊಂಡಳು. ನಿರೂಪಕಿ, "ಮೊದಲ ಕರೆ ಒಬ್ಬ ತಾಯಿಯವರದು" ಎಂದಳು.

"ಹಾಂ... ಹಾಂ... ಕೇಳಿಸ್ತಿದ್ಯಾ?"

ಅವಳ ಕೈ ಹತ್ತನೇ ಕೋಟಿನೊಳಗೆ ನಿಂತಿತು. ಫೋನು ಹಿಡಿದರೆ ಎರಡು ಸಲ ಹಾಂ ಎಂದು ಗಂಟಲು ಸರಿಮಾಡಿಕೊಳ್ಳದೆ ಮಾತು ಶುರು ಮಾಡದವಳು ಲೋಕದಲ್ಲಿ ಒಬ್ಬಳೇ.

"ಕೇಳಿಸ್ತಿದೆ ಅಮ್ಮ, ಹೇಳಿ."

"ನನ್ ಮಗ ಹೋಗಿ ಎಂಟು ತಿಂಗಳಾಯ್ತು. ಮಾತ್ರೆ. ನನಗೊಬ್ಬಳು ಮಗಳಿದ್ದಾಳೆ. ದಿನಾ ಅವನ ಜೇಬು ಅವಳೇ ನೋಡ್ತಿದ್ದಿದ್ದು. ಅವತ್ತೂ ನೋಡಿದ್ಲು. ಈಗ್ಲೂ ಅದೇ ಕೆಲಸ ಅವಳದು. ಲಾಂಡ್ರೀಲಿ. ಈಗ ಇದನ್ನ ಕೇಳ್ತಿರ್ತಾಳೆ. ಕೈ ಯಾರದೋ ಜೇಬಲ್ಲಿರುತ್ತೆ."

ಅಕ್ಕ ನಿಧಾನವಾಗಿ ತಿರುಗಿದಳು. ತಾತ ತಿರುಗಲಿಲ್ಲ, ಅವನ ಬ್ರಷ್ಷು ನಿಂತಿತು.

"ಮಗಳಿಗೆ ಏನು ಹೇಳ್ತೀರಾ ಅಮ್ಮ?" ಎಂದಳು ನಿರೂಪಕಿ, ಸಾಧ್ಯವಾದಷ್ಟು ಮೆತ್ತಗೆ.

"ನಾನೇನೂ ಹೇಳೋದಿಲ್ಲ. ಅವಳೇ ನನಗೊಂದು ಮಾತು ಹೇಳೋದಿದೆ."

ಫೋನಿಟ್ಟ ಸದ್ದು. ಆಮೇಲೆ ಸೋಪಿನ ಜಾಹೀರಾತು ಬಂತು, ಒಂದು ಮಗು ಕಿಲಕಿಲ ನಕ್ಕಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಅವಳು ಉಳಿದ ಕೋಟುಗಳನ್ನು ಒಂದರ ಹಿಂದೊಂದು ಎಳೆದುಕೊಂಡು ನೋಡಿದಳು, ಅಥವಾ ನೋಡಿದೆ ಎಂದುಕೊಂಡಳು. ಅಕ್ಕ ಅವನ್ನು ಬಾಚಿಕೊಂಡು ಹೋಗಿ ಮಷಿನ್ನಿಗೆ ತುಂಬಿದಳು. ಯಾವ ಜೇಬಿನ ನಾಲಗೆ ಹೊರಗಿದೆ, ಯಾವುದು ಒಳಗಿದೆ ಎಂದು ನೋಡುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆಗೆದಾಗ ಇಪ್ಪತ್ತೆರಡು ಕೋಟುಗಳೂ ನೀಲಿ ಮಸಿಯ ಕಲೆ ಹೊತ್ತು ಹೊರಬಂದವು. ಕೆಲವಕ್ಕೆ ಚುಕ್ಕೆ, ಕೆಲವಕ್ಕೆ ಅಂಗೈಯಗಲದ ಮಚ್ಚೆ. ಅಂಗಡಿಯಮ್ಮ ಓಡಿ ಬಂದಳು.

"ಅಯ್ಯೋ ನನ್ ಕರ್ಮವೇ! ಸಂಜೆಗೆ ಬೇಕು ಅವರಿಗೆ. ಯಾರ ಕೆಲಸ ಇದು? ಜೇಬು ನೋಡಿದ್ಯೇನೇ ನೀನು?"

ಅದೇ ಮಾತು. ಅವಳ ಬಾಯಿ ತನ್ನಷ್ಟಕ್ಕೇ ಹಳೇ ಉತ್ತರಕ್ಕೆ ತೆರೆಯಿತು. ಅಷ್ಟರಲ್ಲಿ ಅಕ್ಕ ಮುಂದೆ ಬಂದಳು.

"ನಂದೇ ತಪ್ಪು ಅಮ್ಮಾ. ನನ್ ಪೆನ್ನು ಒಳಗೆ ಬಿದ್ದಿರ್ಬೇಕು."

"ನಿನ್ ಪೆನ್ನಾ?" ಎಂದ ತಾತ. "ಹೆಬ್ಬೆಟ್ಟು ಒತ್ತೋಳಿಗೆ ಪೆನ್ನು ಯಾವಾಗ ಬಂತು? ಸುಳ್ಳು ಹೇಳೋದಾದ್ರೂ ನೆಟ್ಟಗೆ ಹೇಳಬಾರ್ದಾ?"

"ನೀವು ಸುಮ್ನಿರಿ ತಾತ!"

"ನೋಡ್ಲಿಲ್ಲ" ಎಂದಳು ಅವಳು.

ಎಲ್ಲರೂ ತಿರುಗಿದರು. ಅವಳ ದನಿ ಇಷ್ಟು ಗಟ್ಟಿಯಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಎಲ್ಲಾ ನೋಡ್ಲಿಲ್ಲ ಅಮ್ಮ. ಒಂದು ಬಿಟ್ಟೆ. ನಂದೇ ತಪ್ಪು."

ಹೇಳಿ ಕಾದಳು. ಮಾಡು ಕುಸಿಯಲಿಲ್ಲ. ಮಷಿನ್ನಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅಂಗಡಿಯಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಕೋಟೊಂದನ್ನು ಎತ್ತಿ ತಾತನ ಮುಂದೆ ಹಾಕಿ, "ಎಷ್ಟು ಹೋಗುತ್ತೋ ತೆಗೀರಿ" ಎಂದಳು. ಆಮೇಲೆ ಅವಳ ಕಡೆ ತಿರುಗಿ ದನಿ ತಗ್ಗಿಸಿದಳು.

"ನೀನು ಮನೆಗೆ ಹೋಗು. ಕೆಲಸದಿಂದ ತೆಗೀತಿಲ್ಲ, ಹೆದರ್ಬೇಡ. ನಿಮ್ಮಮ್ಮ ಕಾಯ್ತಿರ್ತಾರೆ."

ದಾರಿಯುದ್ದಕ್ಕೂ ಅವಳಿಗೆ ಹಾಡು ಕೇಳಿಸುತ್ತಿತ್ತು. ಕ್ಷೌರದಂಗಡಿಯವನು ಅದನ್ನೇ ಸಿಳ್ಳೆ ಹಾಕುತ್ತಿದ್ದನೋ, ಅಥವಾ ಅವನು ಸುಮ್ಮನಿದ್ದು ಅವಳ ತಲೆಯೊಳಗೇ ಆಗುತ್ತಿತ್ತೋ, ತಿಳಿಯಲಿಲ್ಲ. ಬಸ್ ನಿಲ್ದಾಣದ ಬೆಂಚನ್ನು ಎಂಟು ತಿಂಗಳಿಂದ ಎದುರಿನ ಬದಿಯಿಂದ ದಾಟುತ್ತಿದ್ದಳು. ಇವತ್ತು ಅದರ ಪಕ್ಕದಲ್ಲೇ ನಡೆದಳು. ಬೆಂಚಿನ ಮೇಲೆ ಯಾರೋ ಕೂತಿದ್ದರು. ಅವಳು ತಿರುಗಿ ನೋಡಲಿಲ್ಲ, ಆದರೂ ತೊಡೆಯ ಮೇಲೆ ಮಡಚಿದ ಬಟ್ಟೆ ಕಂಡ ಹಾಗಾಯಿತು.

ಅಮ್ಮ ಕಿಟಕಿಯ ಹತ್ತಿರದ ಕುರ್ಚಿಯಲ್ಲಿದ್ದಳು. ರೇಡಿಯೋ ಬಂದ್ ಆಗಿತ್ತು. ಆರು ಗಂಟೆಯಾಗಿರಲಿಲ್ಲ, ಮಧ್ಯಾಹ್ನದ ಒಂದು ಗಂಟೆ ಅಷ್ಟೇ. ಅಮ್ಮ ಏನೂ ಕೇಳಲಿಲ್ಲ. ಕೇಳದೇ ಹೇಳುವುದು ಇನ್ನೂ ಕಷ್ಟ ಎಂದು ಅವಳಿಗೆ ಆಗ ತಿಳಿಯಿತು.

"ನೋಡಿದೆ ಅಮ್ಮ. ಇತ್ತು. ಬಲಗಡೆ ಒಳಜೇಬಲ್ಲಿ. ತೆಗೀಲಿಲ್ಲ, ಬಿಟ್ಟೆ."

ಅಮ್ಮ ಕಣ್ಣು ಮುಚ್ಚಿದಳು. ಮಂಡಿ ಹಿಡಿದುಕೊಂಡು ಎದ್ದು, ಪೆಟ್ಟಿಗೆ ತೆಗೆದು, ಆಸ್ಪತ್ರೆಯವರು ಕೊಟ್ಟ ಕೋಟನ್ನೂ ಒಂದು ಕವರನ್ನೂ ತಂದಿಟ್ಟಳು. ಕಂದು ಬಣ್ಣದ ಕವರು. ಮೇಲೊಂದು ನಂಬರು. ಅಲ್ಲೂ ಯಾರೋ ಒಬ್ಬಳು ಮೇಜಿನ ಮುಂದೆ ನಿಂತು ಜೇಬು ನೋಡಿ ಬರೆದಿದ್ದಾಳೆ. ಒಳಗೆ ಬಾಚಣಿಗೆ, ಬೀಗದ ಕೈ, ಒಡೆದು ಖಾಲಿಯಾದ ಪಟ್ಟಿ.

"ಮೊದಲ ದಿನವೇ ನೋಡ್ದೆ" ಎಂದಳು ಅಮ್ಮ. ಕೋಟನ್ನು ಬಿಚ್ಚಿ ಒಳಮೈ ತೋರಿಸಿದಳು. "ನೋಡು. ಎಡಗಡೇದು ಹೊರಗೆ ಎಳ್ದಿದೆ. ಬಲಗಡೇದು ಒಳಗಿದೆ. ನೀನು ಯಾವತ್ತಾದ್ರೂ ಒಂದು ಜೇಬು ನೋಡಿ ಇನ್ನೊಂದು ಬಿಟ್ಟಿದ್ದುಂಟಾ? ಖಾಲಿ ಜೇಬನ್ನ ಒಳಗಿಟ್ಟಿದ್ದುಂಟಾ?"

ಎಡಗಡೆಯ ಜೇಬು ಎಂಟು ತಿಂಗಳಾದರೂ ಹಾಗೇ ನಾಲಗೆ ಚಾಚಿಕೊಂಡಿತ್ತು. ತಾನೇ ಎಳೆದಿಟ್ಟು ಮರೆತ ಸಾಕ್ಷಿ. ಅವಳು ನೆಲದಲ್ಲೇ ಕೂತಳು.

"ಗೊತ್ತಿದ್ದೂ ದಿನಾ ಯಾಕಮ್ಮ ಕೇಳಿದೆ?"

"ನಾನು ಹೇಳಿದ್ರೆ ಅದು ಬೈಗುಳ ಆಗ್ತಿತ್ತು. ನೀನೇ ಹೇಳ್ಲಿ ಅಂತ ಕಾದೆ. ಆ ಹಾಡು ಬಂದ ಮೇಲೆ ಕಾಯೋಕೂ ಆಗ್ಲಿಲ್ಲ." ಅಮ್ಮನ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. "ಯಾಕೆ ಬಿಟ್ಟೆ?"

"ಸಾಕಾಗಿತ್ತಮ್ಮ."

ಅಮ್ಮ ಎಡಗಡೆಯ ಜೇಬನ್ನು ಬೆರಳಿನಿಂದ ಸವರಿದಳು.

"ನನಗೆ ನಿನಗಿಂತ ಮೊದಲೇ ಸಾಕಾಗಿತ್ತು" ಎಂದಳು ಅಮ್ಮ. "ಅದಕ್ಕೇ ನಿನ್ನ ಶಾಲೆ ಬಿಡಿಸಿ ನಿನ್ ಕೈಗೆ ಕೊಟ್ಟೆ. ಕೆಲಸಕ್ಕೆ ಹೋಗ್ಬೇಕು ಅಂತ ನೆಪ ಹೇಳ್ದೆ. ಮನೇಲಿ ಕೂರೋಕೆ ಹೆದರಿಕೆ ನನಗೆ. ಹದಿಮೂರು ವರ್ಷದ ಮಗು ನೀನು. ಇದನ್ನ ರೇಡಿಯೋದಲ್ಲಿ ಹೇಳ್ಬೇಕು ಅಂತಲೇ ಫೋನ್ ಮಾಡಿದ್ದು. ನಾಲಗೆ ಏಳ್ಲಿಲ್ಲ. ನಿನ್ನ ಮೇಲೆ ಹಾಕ್ಬಿಟ್ಟೆ."

ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ. ಆ ಮಾತು ಆ ಮನೆಯಲ್ಲಿ ಯಾರಿಗೂ ರೂಢಿಯಿರಲಿಲ್ಲ. ಅಮ್ಮ ಕೋಟನ್ನು ಅವಳ ಮಡಿಲಿಗೆ ಹಾಕಿ, "ಒಗೆದುಬಿಡು" ಎಂದಳು.

ಅವಳು ಹಿತ್ತಲಿನಲ್ಲಿ ಬಕೀಟಿಗೆ ನೀರು ತುಂಬಿ ಕೂತಳು. ಖಾಲಿಯೆಂದು ಗೊತ್ತಿದ್ದೂ ನಾಲ್ಕು ಜೇಬಿಗೂ ಕೈ ಹಾಕಿದಳು. ಕೊನೆಗೆ ಬಲಗಡೆಯ ಒಳಜೇಬು. ಬೆರಳಿಗೆ ಒಂದಿಷ್ಟು ನೂಲಿನ ಧೂಳು ಸಿಕ್ಕಿತು. ಅದನ್ನು ಹೊರಕ್ಕೆಳೆದು ಬಿಟ್ಟು ಕೋಟನ್ನು ಮುಳುಗಿಸಿದಳು. ಕೋಟು ಗಾಳಿ ಹಿಡಿದು ಭುಜ ಉಬ್ಬಿಸಿ ಎರಡು ಸಲ ಮೇಲೆ ಬಂತು. ಎರಡು ಸಲವೂ ಅವಳು ಅಂಗೈಯಿಂದ ಒತ್ತಿ ಕೆಳಗಿಳಿಸಿದಳು. ಮೂರನೇ ಸಲ ಬರಲಿಲ್ಲ.

ಸಂಜೆ ಆರಾಯಿತು. ತಂತಿಯ ಮೇಲೆ ಕೋಟು ನಾಲ್ಕೂ ನಾಲಗೆ ಇಳಿಬಿಟ್ಟುಕೊಂಡು ತೂಗುತ್ತಿತ್ತು. ಅಮ್ಮ ಚಹಾ ಬಗ್ಗಿಸಿ ಮುಂದಿಟ್ಟಳು. ಕೇಳುವ ಹೊತ್ತಾಗಿತ್ತು. ಅಮ್ಮನ ಬಾಯಿ ತೆರೆಯಿತು, ಮುಚ್ಚಿತು.

"ನೋಡಿದೆ" ಎಂದುಬಿಟ್ಟಳು ಅವಳು, ಯಾರೂ ಕೇಳದೆಯೇ.

ಅಮ್ಮ ಅವಳನ್ನು ನೋಡಿದಳು. ಹೊರಗೆ ಗಾಳಿಗೆ ಕೋಟಿನ ತೋಳೊಂದು ಎದ್ದು ಬಿದ್ದಿತು.

"ಏನಿತ್ತು?"

"ಏನೂ ಇರ್ಲಿಲ್ಲ ಅಮ್ಮ. ಧೂಳು."

"ಹೂಂ" ಎಂದಳು ಅಮ್ಮ. "ಇನ್ನು ಮುಂದೆ ಏನಿದ್ರೂ ಹೇಳು."